ಕೊಡಗಿನಲ್ಲಿ ವಾಹನ ಕಡಿಮೆಯಿರುವ ಊರುದಾರಿಗಳಲ್ಲಿ ಸೈಕಲ್: ಯಾವ ರಸ್ತೆ, ಯಾವ ಹೊತ್ತು?

ಪ್ರಶ್ನೆ ಕೇಳಿದವರು: ನಾಲೆಯಂಚು

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಜಿಲ್ಲೆಯವಳು. ಬ್ಯಾಂಕಿನ ಕೆಲಸದಲ್ಲಿ ವರ್ಗವಾಗಿ ಈಚೆಗೆ ವಿರಾಜಪೇಟೆಗೆ ಬಂದಿದ್ದೇನೆ. ಊರಿನಲ್ಲಿದ್ದಾಗ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೂ ಅದರ ಅಕ್ಕಪಕ್ಕದ ಹಳ್ಳಿ ರಸ್ತೆಗಳಲ್ಲೂ ಸೈಕಲ್ ತುಳಿಯುವುದು ಬಹುಕಾಲದ ಅಭ್ಯಾಸವಾಗಿತ್ತು. ಬೆಳಗಿನ ಐದಕ್ಕೆ ಹೊರಟರೆ ಎಂಟರೊಳಗೆ ಮನೆ ಸೇರುತ್ತಿದ್ದೆ. ಆ ಹೊತ್ತಿನಲ್ಲಿ ಎದುರಾಗುತ್ತಿದ್ದವರು ಡೇರಿಗೆ ಹಾಲು ಹಾಕಲು ಹೋಗುವವರು ಮತ್ತು ಕಬ್ಬಿನ ಗಾಡಿಯವರು ಮಾತ್ರ.

ಇಲ್ಲಿಗೆ ಬಂದ ಮೇಲೆ ಒಂದು ಭಾನುವಾರ ಗೋಣಿಕೊಪ್ಪದ ಮುಖ್ಯರಸ್ತೆಯಲ್ಲಿ ಹೋಗಿ ನೋಡಿದೆ. ಪ್ರವಾಸಿಗರ ಕಾರು, ಲಾರಿ, ಬಸ್ಸು ಒಂದರ ಹಿಂದೊಂದು ಬರುತ್ತಲೇ ಇದ್ದುದರಿಂದ ನನ್ನ ಗಮನವೆಲ್ಲ ಹಿಂದಿನ ಸದ್ದಿನ ಮೇಲೆಯೇ ಇತ್ತು. ಸುತ್ತಲಿನ ನಾಡನ್ನು ತಲೆಯೆತ್ತಿ ನೋಡುವುದು ಸಾಧ್ಯವಾಗಲಿಲ್ಲ. ನನಗೆ ವೇಗದ ಹಂಬಲವಿಲ್ಲ, ಸ್ಪರ್ಧೆಯ ಆಸೆಯೂ ಇಲ್ಲ. ಸಣ್ಣ ಏರು, ಸಣ್ಣ ಇಳಿಜಾರು, ನಡುವೆ ಗದ್ದೆ, ಹೊಳೆ, ನಾಲ್ಕು ಮನೆಯ ಊರು, ಒಂದು ಚಹಾದಂಗಡಿ, ಇಷ್ಟಿರುವ 40ರಿಂದ 60 ಕಿಲೋಮೀಟರಿನ ದಾರಿಗಳು ಬೇಕು. ಕೊಡಗಿನಲ್ಲಿ ಅಂಥವು ಬೇಕಾದಷ್ಟಿರಬೇಕೆಂದು ನಕ್ಷೆಯನ್ನು ನೋಡಿದರೆ ಅನ್ನಿಸುತ್ತದೆ, ಆದರೆ ಯಾವುದು ಊರಿನ ರಸ್ತೆ, ಯಾವುದು ತೋಟದ ಒಳರಸ್ತೆ ಎಂಬುದೇ ಅದರಲ್ಲಿ ತಿಳಿಯುವುದಿಲ್ಲ.

ಹೀಗಾಗಿ ಬಲ್ಲವರನ್ನು ಕೇಳುತ್ತಿದ್ದೇನೆ. ವಿರಾಜಪೇಟೆಯಿಂದ ಹೊರಟು ವಿರಾಜಪೇಟೆಗೇ ಮರಳುವಂಥ ಸುತ್ತು ಯಾವುದಿದೆ? ಮಂಡ್ಯದಲ್ಲಿದ್ದಂತೆ ಐದಕ್ಕೇ ಹೊರಡಬಹುದೇ? ವರ್ಷದ ಯಾವ ತಿಂಗಳುಗಳು ಹಿತ? ನನ್ನದು ರೋಡ್ ಸೈಕಲ್; ಮುಂದೆ 50 ಮತ್ತು 34 ಹಲ್ಲಿನ ಚಕ್ರಗಳು, ಹಿಂದೆ ದೊಡ್ಡದು 28, ಟೈರು 25 ಮಿ.ಮೀ., ಬ್ರೇಕ್ ರಿಮ್ ಹಿಡಿಯುವಂಥದ್ದು. ಇದು ಇಲ್ಲಿಗೆ ಸಾಕೇ? ಕೊನೆಯದಾಗಿ, ಹೆಂಗಸೊಬ್ಬಳು ಒಂಟಿಯಾಗಿ ಹೋಗುವುದರ ಬಗ್ಗೆ ಇಲ್ಲಿಯವರ ಅಭಿಪ್ರಾಯವೇನು?

ಉತ್ತರ: ಕದನೂರು ಬೆಳೆಗಾರ

ಮೇಡಂ, ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದ ಉತ್ತರಗಳೆಲ್ಲ ಅದರ ಮೇಲೆ ನಿಂತಿವೆ. ದಯವಿಟ್ಟು ಐದಕ್ಕೆ ಹೊರಡಬೇಡಿ. ಬಯಲುಸೀಮೆಯಲ್ಲಿ ರಸ್ತೆ ಖಾಲಿಯಿರುವುದು ನಸುಕಿನಲ್ಲಿ, ನಿಜ. ಇಲ್ಲಿ ನಸುಕು ಆನೆಗಳು ಗದ್ದೆಯಿಂದ ತೋಟಕ್ಕೂ ತೋಟದಿಂದ ಕಾಡಿಗೂ ಮರಳುವ ಹೊತ್ತು. ಅದು ಮುಗಿಯುತ್ತಿದ್ದಂತೆ ಏಳರಿಂದ ಕೆಲಸದವರನ್ನು ತುಂಬಿಕೊಂಡ ಜೀಪು, ಪಿಕಪ್‌ಗಳು ಲೈನ್ ಮನೆಗಳಿಂದ, ಅಂದರೆ ತೋಟದ ಕೆಲಸದವರ ಸಾಲುಮನೆಗಳಿಂದ, ತೋಟಗಳಿಗೆ ಓಡಾಡುತ್ತವೆ. ಅವುಗಳ ಬೆನ್ನಿಗೇ ಶಾಲೆಯ ವ್ಯಾನುಗಳು ಬರುತ್ತವೆ. ಇವರೆಲ್ಲರಿಗೂ ಗಂಟೆಯ ಒತ್ತಡವಿರುವುದರಿಂದ ತಿರುವುಗಳಲ್ಲಿ ವೇಗ ತಗ್ಗಿಸುವುದು ಕಡಿಮೆ. ಒಂಬತ್ತೂಕಾಲರ ಸುಮಾರಿಗೆ ಕೆಲಸದವರು ತೋಟ ಸೇರಿರುತ್ತಾರೆ, ಮಕ್ಕಳು ತರಗತಿ ಸೇರಿರುತ್ತಾರೆ. ಅಲ್ಲಿಂದ ಮಧ್ಯಾಹ್ನ ಮೂರರವರೆಗೆ ಊರ ರಸ್ತೆಗಳಲ್ಲಿ ಓಡಾಟವೇ ಇಲ್ಲವೆನ್ನುವಷ್ಟು ಕಡಿಮೆ. ಕೊಡಗಿನ ರಸ್ತೆ ಎಷ್ಟು ಶಾಂತ ಎಂಬುದನ್ನು ತೋಟದ ಮತ್ತು ಶಾಲೆಯ ಗಂಟೆಗಳು ನಿರ್ಧರಿಸುತ್ತವೆಯೇ ಹೊರತು ಸೂರ್ಯನಲ್ಲ. ಬಿಸಿಲಿನ ಭಯ ನಿಮಗೆ ಬೇಡ. ತೋಟಗಳ ನಡುವಿನ ರಸ್ತೆಗೆ ಸಿಲ್ವರ್ ಓಕ್, ಹಲಸು, ಬಳಂಜಿ, ಅತ್ತಿ ಮರಗಳ ನೆರಳಿರುತ್ತದೆ. ನಡುಹಗಲಿನಲ್ಲೂ ಮಂಡ್ಯದ ಹತ್ತು ಗಂಟೆಯ ಬಿಸಿಲಿನಷ್ಟು ಸುಡುವುದಿಲ್ಲ.

ಈಗ ದಾರಿಯ ವಿಚಾರ. ಇಲ್ಲಿ ವಾಹನಗಳು ಸೇರುವುದು ಎರಡು ಕಾರಣಕ್ಕೆ: ಒಂದು ಪೇಟೆಯಿಂದ ಇನ್ನೊಂದಕ್ಕೆ ಅದು ನೇರದಾರಿಯಾಗಿರಬೇಕು, ಇಲ್ಲವೇ ಆ ರಸ್ತೆಯ ತುದಿಯಲ್ಲಿ ಪ್ರವಾಸಿಗರು ನೋಡುವಂಥದ್ದೇನಾದರೂ ಇರಬೇಕು. ಕುಶಾಲನಗರದಿಂದ ಮಡಿಕೇರಿಯ ಮೇಲೆ ಸಂಪಾಜೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 275, ವಿರಾಜಪೇಟೆಯಿಂದ ಮಾಕುಟ್ಟದ ಮೇಲೆ ಕೇರಳಕ್ಕೆ ಇಳಿಯುವ ಘಾಟಿ, ಹುಣಸೂರಿನಿಂದ ತಿತಿಮತಿಯ ಮೇಲೆ ಬರುವ ರಸ್ತೆ, ಇವು ಮೊದಲ ಬಗೆಯವು. ದುಬಾರೆ, ಅಬ್ಬಿ ಜಲಪಾತ, ಮಾಂದಲಪಟ್ಟಿಯ ರಸ್ತೆಗಳು ಎರಡನೆಯವು. ಈ ಎರಡೂ ಅಲ್ಲದ, ಊರಿಗೂ ಊರಿಗೂ ನಡುವಿನ ರಸ್ತೆಗಳು ನಿಮ್ಮವು.

ಮೊದಲ ಸವಾರಿಗೆ ನಾನು ಹೇಳುವುದು ವಿರಾಜಪೇಟೆ, ಕಾಕೋಟುಪರಂಬು, ಬೇತ್ರಿ, ಮೂರ್ನಾಡು, ಕೊಟ್ಟಮುಡಿ, ನಾಪೋಕ್ಲು, ಚೆಯ್ಯಂಡಾಣೆ, ಕಡಂಗ, ಮತ್ತೆ ವಿರಾಜಪೇಟೆ. ಒಟ್ಟು 50 ಕಿ.ಮೀ. ಆಸುಪಾಸು. ಬೇತ್ರಿಯಲ್ಲಿ ಕಾವೇರಿಯನ್ನು ದಾಟುತ್ತೀರಿ; ನಾಪೋಕ್ಲಿನ ಕಡೆಗೆ ತಿರುಗಿದ ಮೇಲೆ ಮತ್ತೆ ಅದೇ ಹೊಳೆ ಗದ್ದೆಬಯಲಿನ ಸನಿಹಕ್ಕೆ ಬರುತ್ತದೆ. ಮಳೆಗಾಲದಲ್ಲಿ ಹೊಳೆ ಮೇಲೆದ್ದು ಈ ಬಯಲುಗಳಲ್ಲಿ ನಿಲ್ಲುತ್ತದೆ. ಚೆರಿಯಪರಂಬಿನಂಥ ತಗ್ಗಿನ ಜಾಗದಲ್ಲಿ ರಸ್ತೆಯೇ ಮುಳುಗುವುದುಂಟು. ಇಲ್ಲಿಯ ಏರಿಳಿತದ ಗುಣವನ್ನು ಒಮ್ಮೆ ಹಿಡಿದುಕೊಂಡರೆ ಸವಾರಿ ಸುಲಭವಾಗುತ್ತದೆ. ಕೊಡಗಿನ ಊರುಗಳಲ್ಲಿ ಗದ್ದೆ ಕೆಳಗೆ, ಮನೆ ದಿಬ್ಬದ ಮೇಲೆ, ತೋಟ ಇಳಿಜಾರಿನಲ್ಲಿ. ರಸ್ತೆ ಗದ್ದೆಯ ಬದುವಿಗೆ ಇಳಿದು, ತೋಡು (ಸಣ್ಣ ಹಳ್ಳ) ದಾಟಿ, ಎದುರಿನ ತೋಟದೊಳಗೆ ಏರುತ್ತದೆ; ಏರಿದ ಮೇಲೆ ಒಂದಷ್ಟು ದೂರ ಮಟ್ಟಸವಾಗಿ ಹೋಗಿ ಮತ್ತೆ ಇನ್ನೊಂದು ಗದ್ದೆಗೆ ಇಳಿಯುತ್ತದೆ. ಉದ್ದನೆಯ ಘಾಟಿ ಈ ಸುತ್ತಿನಲ್ಲಿಲ್ಲ. ಆದರೆ ತೋಡಿನ ಮೋರಿಯಾಚೆಗಿನ ಏರುಗಳು ಚಿಕ್ಕವಾದರೂ ಕಡಿದು. ಮೋರಿಗೆ ಬರುವ ಮುಂಚೆಯೇ ಗೇರು ಇಳಿಸಿಕೊಳ್ಳಬೇಕು.

ಬೇತ್ರಿ, ಮೂರ್ನಾಡಿನವರೆಗಿನ ಭಾಗದಲ್ಲಿ ಬಸ್ಸು, ಕಾರು ಇರುತ್ತವೆ. ನಾಪೋಕ್ಲಿನಿಂದ ಚೆಯ್ಯಂಡಾಣೆಯ ಮೇಲೆ ಕಡಂಗಕ್ಕೆ ಬರುವ ಭಾಗ ನಿಮಗೆ ಬೇಕಾದಂಥದ್ದು. ಅದರಲ್ಲೂ ಒಂದು ಎಚ್ಚರಿಕೆ ಅಗತ್ಯ. ಒಂಟಿ ಪಥದ ರಸ್ತೆಯ ಡಾಂಬರು 3.75 ಮೀಟರ್ ಅಗಲವಿದ್ದರೆ ಅದರಲ್ಲಿ ಎರಡೂವರೆ ಮೀಟರ್ ಬಸ್ಸಿಗೇ ಬೇಕು. ಉಳಿದ ಒಂದೂಕಾಲು ಮೀಟರಿನಲ್ಲಿ ನೀವೂ ಸೈಕಲ್ಲೂ ಇರಬೇಕು. ಮಳೆ ಮಣ್ಣನ್ನು ಕೊಚ್ಚಿಕೊಂಡು ಹೋಗಿರುವುದರಿಂದ ಡಾಂಬರಿನ ಅಂಚು ಪಕ್ಕದ ನೆಲಕ್ಕಿಂತ ಒಂದು ಗೇಣು ಎತ್ತರದಲ್ಲಿರುವ ಜಾಗಗಳೂ ಇವೆ. ಬಸ್ಸು ಬರುವುದು ಕೇಳಿಸಿದರೆ ಅಂಚಿನಲ್ಲಿ ಸಾಗಲು ಹೋಗದೆ ಯಾವುದಾದರೂ ತೋಟದ ಗೇಟಿನ ಬಾಯಿಯಲ್ಲಿ ಇಳಿದು ನಿಂತುಬಿಡಿ. ಖಾಸಗಿ ಬಸ್ಸುಗಳು ತಮ್ಮ ಸಮಯಕ್ಕೆ ಕಟ್ಟುಬಿದ್ದು ಓಡುತ್ತವೆ. ಅಂಗಡಿಯಲ್ಲಿ ಕೇಳಿದರೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುತ್ತಾರೆ.

ತಿಂಗಳುಗಳ ವಿಚಾರದಲ್ಲಿ ನನಗೆ ಸಂದೇಹವೇ ಇಲ್ಲ. ಅಕ್ಟೋಬರ್ ನಡುವಿನಿಂದ ಡಿಸೆಂಬರ್ ಮೊದಲ ವಾರದವರೆಗೆ, ಅಂದರೆ ತುಲಾ ಸಂಕ್ರಮಣದಿಂದ ಸುಗ್ಗಿಯ ಹಬ್ಬವಾದ ಹುತ್ತರಿಯವರೆಗೆ, ಸೈಕಲ್ಲಿಗೆ ಕೊಡಗಿನಷ್ಟು ಒಳ್ಳೆಯ ನಾಡು ಬೇರೊಂದಿಲ್ಲ. ಮಳೆ ಹಿಂದೆ ಸರಿದಿರುತ್ತದೆ, ಧೂಳು ಇನ್ನೂ ಎದ್ದಿರುವುದಿಲ್ಲ, ಗದ್ದೆ ಹಸಿರಿನಿಂದ ಹಳದಿಗೆ ತಿರುಗುತ್ತಿರುತ್ತದೆ. ಸಂಕ್ರಮಣದ ದಿನಗಳಲ್ಲಿ ಭಾಗಮಂಡಲದ ಕಡೆಗೆ ಮಾತ್ರ ಹೋಗಬೇಡಿ, ತಲಕಾವೇರಿಯ ತೀರ್ಥೋದ್ಭವಕ್ಕೆ ಜನ ಸೇರುತ್ತಾರೆ. ಡಿಸೆಂಬರಿನಿಂದ ಕಾಫಿ ಕೊಯ್ಲು. ಅರೇಬಿಕಾ ಮೊದಲು, ರೋಬಸ್ಟಾ ಆಮೇಲೆ, ಫೆಬ್ರವರಿಯವರೆಗೂ ಪಿಕಪ್‌ಗಳ ಓಡಾಟ ಹೆಚ್ಚು. ಜೂನಿನಿಂದ ಸೆಪ್ಟೆಂಬರಿನವರೆಗೆ ಸೈಕಲ್ಲನ್ನು ಒಳಗಿಟ್ಟು ಚೆನ್ನಾಗಿ ಒರೆಸಿ ಎಣ್ಣೆ ಹಚ್ಚಿಡಿ ಎನ್ನುವುದು ನನ್ನ ಸಲಹೆ.

ಫೆಬ್ರವರಿ, ಮಾರ್ಚ್‌ನ ಒಂದು ಸಂಗತಿ ಹೊರಗಿನಿಂದ ಬಂದವರಿಗೆ ಗೊತ್ತಿರುವುದಿಲ್ಲ. ಆಗ ರೋಬಸ್ಟಾ ಹೂ ಬಿಡಿಸಲು ಸ್ಪ್ರಿಂಕ್ಲರ್ ಹಾಕುತ್ತೇವೆ. ಜೆಟ್ ಟಕಟಕ ಎನ್ನುತ್ತ ಒಂದು ಸುತ್ತು ಬರುವಾಗ ನೀರಿನ ಕೋಲು ಬೇಲಿ ದಾಟಿ ರಸ್ತೆಯ ಮೇಲೂ ಬೀಳುತ್ತದೆ. ಸುತ್ತಲೂ ಒಣಗಿ ಬೆಳ್ಳಗಿರುವ ಡಾಂಬರಿನ ನಡುವೆ ಅಷ್ಟು ಭಾಗ ಮಾತ್ರ ಕಪ್ಪಗೆ ನೆನೆದಿರುತ್ತದೆ. ಅದರ ಮೇಲೆ ಸಿಲ್ವರ್ ಓಕ್ ಎಲೆಗಳು ಹಾಸಿಕೊಂಡಿರುತ್ತವೆ. ಆ ಎಲೆಯ ಬೆನ್ನು ಬೆಳ್ಳಿ ಬಣ್ಣದ್ದು, ನೆನೆದರೆ ಬಹಳ ಜಾರುತ್ತದೆ. ಇಳಿಜಾರಿನ ತಿರುವಿನಲ್ಲಿ ಜೆಟ್ಟಿನ ಸದ್ದು ಕೇಳಿದರೆ ತಿರುವಿಗೆ ಮುಂಚೆಯೇ ವೇಗ ಇಳಿಸಿ, ನೆನೆದ ಜಾಗದ ಮೇಲೆ ಬ್ರೇಕ್ ಹಿಡಿಯಬೇಡಿ. ನೀರು ಬಿಟ್ಟ ಒಂದು ವಾರ, ಹತ್ತು ದಿನಕ್ಕೆ ಆ ತೋಟವೆಲ್ಲ ಬೆಳ್ಳಗೆ ಹೂವಾಗುತ್ತದೆ. ಆ ಪರಿಮಳದೊಳಗೆ ಸೈಕಲ್ಲಿನಲ್ಲಿ ಹೋಗುವ ಸುಖವನ್ನು ಕಾರಿನ ಗಾಜು ಏರಿಸಿಕೊಂಡು ಹೋಗುವವರಿಗೆ ವಿವರಿಸಲಾಗುವುದಿಲ್ಲ. ಕೊಯ್ಲಿನ ಓಡಾಟದ ನಡುವೆಯೂ ಆ ಕೆಲವು ದಿನಗಳನ್ನು ನೀವು ಬಿಡಬಾರದು.

ಉತ್ತರ: ಅಮ್ಮತ್ತಿ ಕಡೆಯವ

ಮೇಲಿನವರು ಆನೆಯ ಮಾತನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ. ಅವರ ಕಡೆ ಅಷ್ಟು ಸಾಕಿರಬಹುದು. ಅಮ್ಮತ್ತಿ, ಪಾಲಿಬೆಟ್ಟ, ಸಿದ್ದಾಪುರ, ಮಾಲ್ದಾರೆ, ತಿತಿಮತಿಯ ಕಡೆಯ ನಮಗೆ ಅಷ್ಟು ಸಾಲದು. ನಕ್ಷೆಯಲ್ಲಿ ನೋಡಿದರೆ ನಿಮಗೆ ಅತ್ಯಂತ ಆಕರ್ಷಕವಾಗಿ ಕಾಣುವ ರಸ್ತೆಗಳು ಇಲ್ಲಿಯವೇ ಆಗಿರುತ್ತವೆ: ಕಡಿದಾದ ಏರಿಲ್ಲ, ದೊಡ್ಡ ತೋಟಗಳ ನಡುವೆ ಮೈಲುಗಟ್ಟಲೆ ನೆರಳು, ವಾಹನವೂ ಕಡಿಮೆ. ಇವೇ ರಸ್ತೆಗಳಲ್ಲಿ ಕಾಡಾನೆಗಳ ಓಡಾಟವೂ ಹೆಚ್ಚು. ತೋಟದ ಕೆಲಸಕ್ಕೆ ನಡೆದು ಹೋಗುವವರು, ಬೈಕಿನಲ್ಲಿ ಹೋಗುವವರು ಇಲ್ಲಿ ಆನೆಯ ಕಾಲಿಗೆ ಸಿಕ್ಕಿ ಪ್ರಾಣ ಕಳೆದುಕೊಂಡಿದ್ದಾರೆ. ಇದು ನಮ್ಮ ದಿನನಿತ್ಯದ ನೋವು, ಹೆದರಿಸಲು ಹೇಳುತ್ತಿರುವ ಮಾತಲ್ಲ.

ತಿಳಿದಿರಬೇಕಾದ ಸಂಗತಿ ಇದು: ಆನೆಗಳು ಕಾಡಿನಿಂದ ರಾತ್ರಿ ಬಂದು ಬೆಳಗಾಗುವಷ್ಟರಲ್ಲಿ ಎಲ್ಲವೂ ಮರಳಿಬಿಡುತ್ತವೆ ಎಂಬುದು ಪೂರ್ತಿ ನಿಜವಲ್ಲ. ಎಷ್ಟೋ ಹಿಂಡುಗಳು ಹಗಲಿಡೀ ರೋಬಸ್ಟಾ ತೋಟದೊಳಗೇ ನಿಂತಿರುತ್ತವೆ. ತೋಟದಲ್ಲಿ ಕೆರೆಯಿದೆ, ನೆರಳಿದೆ, ಹಲಸು ಇದೆ, ಬೈನೆ ಮರ ಇದೆ. ಅವಕ್ಕೆ ಕಾಡಿಗೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಗಿಡಗಳು ಆಳೆತ್ತರಕ್ಕೂ ಮೀರಿ ದಟ್ಟವಾಗಿರುವುದರಿಂದ ಇಪ್ಪತ್ತು ಅಡಿ ಒಳಗೆ ನಿಂತ ಆನೆಯೂ ರಸ್ತೆಗೆ ಕಾಣುವುದಿಲ್ಲ. ಮೇ ತಿಂಗಳಿನಿಂದ ಹಲಸಿನ ಹಣ್ಣಿಗೆ ಬರುತ್ತವೆ, ಅಕ್ಟೋಬರಿನಿಂದ ತೆನೆಗಟ್ಟಿದ ಭತ್ತಕ್ಕೆ ಬರುತ್ತವೆ. ಸೈಕಲ್ಲಿಗೆ ಒಳ್ಳೆಯದೆಂದು ಮೇಲಿನವರು ಹೇಳಿರುವ ಕಾಲವೇ ಗದ್ದೆಗೆ ಆನೆ ಇಳಿಯುವ ಕಾಲವೂ ಹೌದು, ಆದ್ದರಿಂದ ಒಂಬತ್ತರಿಂದ ಮೂರು ಎಂಬ ಅವರ ಮಾತನ್ನು ಸಡಿಲಿಸಬೇಡಿ.

ಸೈಕಲ್ಲಿನ ವಿಶೇಷ ಅಪಾಯವೆಂದರೆ ಅದರ ನಿಶ್ಶಬ್ದ. ಜೀಪು ಬರುವುದನ್ನು ಆನೆ ದೂರದಿಂದಲೇ ಕೇಳಿಸಿಕೊಂಡು ತನ್ನ ತೀರ್ಮಾನ ಮಾಡಿರುತ್ತದೆ. ನೀವು ಇಳಿಜಾರಿನಲ್ಲಿ ಸದ್ದಿಲ್ಲದೆ ಬಂದು ತಿರುವಿನಲ್ಲಿ ಒಮ್ಮೆಲೇ ಎದುರಾದರೆ ಅದು ಬೆದರುತ್ತದೆ, ಬೆದರಿದ ಆನೆಯೇ ಮೇಲೆ ಬೀಳುವುದು. ಹಾಗಾಗಿ ಹಳೆಯ ಕಾಲದ ಗಂಟೆಯೊಂದನ್ನು ಹ್ಯಾಂಡಲ್ಲಿಗೆ ಹಾಕಿಸಿಕೊಳ್ಳಿ, ಕಾಣದ ತಿರುವುಗಳಲ್ಲಿ ಬಾರಿಸಿ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ. ರಸ್ತೆಯ ಮೇಲೆ ಹಸಿ ಲದ್ದಿ, ಆಗಷ್ಟೇ ಮುರಿದು ಬಿದ್ದ ಕೊಂಬೆ, ಬಾಗಿದ ಬೇಲಿ, ಒಂದೇ ದಿಕ್ಕಿಗೆ ಬೊಗಳುತ್ತಿರುವ ನಾಯಿಗಳು, ಇವುಗಳಲ್ಲಿ ಯಾವುದೊಂದು ಕಂಡರೂ ನಿಲ್ಲಿ. ಕೊಂಬೆ ಮುರಿಯುವ ಸದ್ದು ತೋಟದೊಳಗಿನಿಂದ ಬರುತ್ತಿದ್ದರೆ ಮುಂದೆ ಹೋಗುವ ಮಾತೇ ಇಲ್ಲ. ಆನೆ ಗಂಟೆಗೆ 25 ಕಿ.ಮೀ. ವೇಗದಲ್ಲಿ ಧಾವಿಸಬಲ್ಲದು, ಏರಿನಲ್ಲಿ ನಿಮ್ಮ ಸೈಕಲ್ಲು ಅದರ ಅರ್ಧ ವೇಗವನ್ನೂ ಮುಟ್ಟುವುದಿಲ್ಲ. ಫೋಟೋ ತೆಗೆಯಲು ನಿಲ್ಲದೆ, ಕೂಗದೆ, ಬಂದ ದಾರಿಯಲ್ಲೇ ಮರಳಿ, ಮೊದಲು ಸಿಕ್ಕ ಮನೆಯವರಿಗೆ ತಿಳಿಸಿ.

ಹೊರಡುವ ಮುನ್ನ ಮಾಡಬೇಕಾದ ಕೆಲಸವೂ ಒಂದಿದೆ. ಇಲ್ಲಿಯ ಬಹಳಷ್ಟು ಊರುಗಳಿಗೆ ಆನೆಯ ಸುದ್ದಿಯ ವಾಟ್ಸಾಪ್ ಗುಂಪು ಇರುತ್ತದೆ. ಬೆಳೆಗಾರರು, ಅರಣ್ಯ ಇಲಾಖೆಯ ಕ್ಷಿಪ್ರ ಕಾರ್ಯಪಡೆಯವರು, ಜೀಪ್ ಚಾಲಕರು ಅದರಲ್ಲಿರುತ್ತಾರೆ. ಬ್ಯಾಂಕಿಗೆ ಬರುವ ಗ್ರಾಹಕರಲ್ಲಿ ಯಾರನ್ನಾದರೂ ಕೇಳಿದರೆ ಸೇರಿಸುತ್ತಾರೆ. ಇಂದು ಯಾವ ತೋಟದಲ್ಲಿ ಆನೆಯಿದೆ ಎಂಬುದು ಬೆಳಿಗ್ಗೆಯೇ ಗೊತ್ತಾಗುತ್ತದೆ. ಆನೆ ಓಡಿಸುವ ಕಾರ್ಯಾಚರಣೆ ನಡೆಯುವ ದಿನ ಆ ದಿಕ್ಕಿಗೆ ಹೋಗಲೇಬೇಡಿ, ಏಕೆಂದರೆ ಓಡಿಸಿದ ಆನೆ ಯಾವ ರಸ್ತೆ ದಾಟುತ್ತದೆಂದು ಓಡಿಸುವವರಿಗೂ ಗೊತ್ತಿರುವುದಿಲ್ಲ.

ದಕ್ಷಿಣದಲ್ಲಿ ಪೊನ್ನಂಪೇಟೆಯಿಂದ ಹುದಿಕೇರಿ, ಟಿ. ಶೆಟ್ಟಿಗೇರಿ, ಶ್ರೀಮಂಗಲದ ಕಡೆಗಿನ ಗದ್ದೆಬಯಲುಗಳು ಬಹಳ ಚೆಂದ, ರಸ್ತೆಯೂ ಹಿತ. ಜನರನ್ನು ಕೇಳಿಕೊಂಡು ಹಗಲಿನಲ್ಲಿ ಹೋಗಿ. ಬಾಳೆಲೆಯಾಚೆ ನಾಗರಹೊಳೆಯ ಅಂಚಿಗೆ ಅಂಟಿಕೊಂಡ ಊರುಗಳಿಗೆ ಒಂಟಿಯಾಗಿ ಸೈಕಲ್ಲಿನಲ್ಲಿ ಹೋಗುವುದನ್ನು ನಾನು ಒಪ್ಪುವುದಿಲ್ಲ. ಆ ಕಡೆ ಆನೆಯ ಜೊತೆಗೆ ಹುಲಿಯೂ ಇದೆ, 2021ರಲ್ಲಿ ದಕ್ಷಿಣ ಕೊಡಗಿನಲ್ಲಿ ಹುಲಿ ದಾಳಿಗೆ ಜನ ಬಲಿಯಾದದ್ದನ್ನು ಇಲ್ಲಿಯವರು ಮರೆತಿಲ್ಲ.

ಉತ್ತರ: ಹಲ್ಲುಚಕ್ರ

ಸೈಕಲ್ಲಿನ ಬಗ್ಗೆ ಮಾತ್ರ ಹೇಳುತ್ತೇನೆ. ಮುಂದೆ 34, ಹಿಂದೆ 28 ಇದ್ದರೆ ಪೆಡಲ್ ಒಂದು ಸುತ್ತು ಬರುವಾಗ ಚಕ್ರ 1.2 ಸುತ್ತು ಹೊರಳುತ್ತದೆ. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 9 ಕಿ.ಮೀ. ಸಾಗುತ್ತೀರಿ. ಅಂದರೆ ಕಡಿದಾದ ಏರಿನಲ್ಲಿ ಅದಕ್ಕಿಂತ ನಿಧಾನವಾಗಿ ಹೋಗಬೇಕೆಂದರೆ ಕಾಲು ಇನ್ನೂ ಮೆಲ್ಲಗೆ, ಇನ್ನೂ ಭಾರವಾಗಿ ತುಳಿಯಬೇಕಾಗುತ್ತದೆ. ಮೊಣಕಾಲಿನ ನೋವು ಹುಟ್ಟುವುದು ಅಲ್ಲಿಯೇ. ಹಿಂದೆ 34 ಹಲ್ಲಿನ ಚಕ್ರವಿದ್ದರೆ ಅದೇ 60 ಸುತ್ತಿಗೆ ಏಳೂವರೆ ಕಿ.ಮೀ. ಬಯಲಿನಲ್ಲಿ ಈ ಒಂದೂವರೆ ಕಿ.ಮೀ. ಲೆಕ್ಕಕ್ಕಿಲ್ಲ, ಇಲ್ಲಿಯ ಮೋರಿಯಾಚೆಗಿನ ಏರುಗಳಲ್ಲಿ ಕುಳಿತು ಏರುವುದಕ್ಕೂ ಇಳಿದು ತಳ್ಳುವುದಕ್ಕೂ ಇರುವ ವ್ಯತ್ಯಾಸ ಅದೇ. ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಬದಲಾಯಿಸುವಾಗ ನಿಮ್ಮ ಹಿಂದಿನ ಡಿರೇಲರ್ (ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) 34ನ್ನು ತಾಳುತ್ತದೆಯೇ ಎಂದು ಅಂಗಡಿಯಲ್ಲಿ ನೋಡಿಸಿ. ಗಿಡ್ಡ ತೋಳಿನದಾದರೆ ತಾಳುವುದಿಲ್ಲ, ಅದನ್ನೂ ಬದಲಿಸಬೇಕಾಗುತ್ತದೆ. ಚೈನೂ ಉದ್ದವಾಗಬೇಕು.

ಟೈರು 28 ಮಿ.ಮೀ. ಹಾಕಿಸಿ, ಫ್ರೇಮಿನಲ್ಲಿ ಜಾಗವಿದ್ದರೆ. ಗಾಳಿಯನ್ನು ನೂರು ಪಿಎಸ್‌ಐಗೆ ಬಿಗಿಯಾಗಿ ತುಂಬುವ ರೂಢಿಯನ್ನು ಬಿಟ್ಟು ಎಪ್ಪತ್ತರ ಆಸುಪಾಸಿನಲ್ಲಿಡಿ. ಮಳೆಯ ನಂತರ ಜಲ್ಲಿ ಎದ್ದ ರಸ್ತೆಯಲ್ಲಿ ಬಿಗಿಯಾದ ಟೈರು ಕುಣಿಯುತ್ತದೆ, ಸ್ವಲ್ಪ ಮೆತ್ತಗಿದ್ದರೆ ನೆಲವನ್ನು ಹಿಡಿಯುತ್ತದೆ.

ರಿಮ್ ಬ್ರೇಕ್ ಒಣ ರಸ್ತೆಯಲ್ಲಿ ಧಾರಾಳವಾಗಿ ಸಾಕು. ಇಳಿಜಾರಿನುದ್ದಕ್ಕೂ ಬ್ರೇಕನ್ನು ಸಣ್ಣಗೆ ಹಿಡಿದೇ ಇರುವ ಅಭ್ಯಾಸವಿದ್ದರೆ ಬಿಡಬೇಕು. ಹಾಗೆ ಮಾಡಿದರೆ ರಿಮ್ ಕಾಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ, ಟ್ಯೂಬು ಒಡೆಯುವ ಅಪಾಯವಿದೆ. ನೇರವಿರುವಲ್ಲಿ ಬಿಡಿ, ತಿರುವಿಗೆ ಮುಂಚೆ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಬಿಟ್ಟು ತಿರುಗಿ. ಒದ್ದೆಯಾದಾಗ ಮೊದಲ ಒಂದೆರಡು ಸುತ್ತು ಪ್ಯಾಡುಗಳು ನೀರನ್ನು ಒರೆಸುವುದರಲ್ಲೇ ಕಳೆಯುತ್ತವೆ, ಹಿಡಿತ ತಡವಾಗಿ ಬರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಗಲಿನಲ್ಲೂ ಹಿಂದಿನ ಕೆಂಪು ದೀಪ ಉರಿಯುತ್ತಿರಲಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ತೋಟದ ರಸ್ತೆಯಲ್ಲಿ ಬಿಸಿಲು ಮತ್ತು ನೆರಳು ಚುಕ್ಕೆಚುಕ್ಕೆಯಾಗಿ ಬಿದ್ದಿರುತ್ತವೆ. ಬಿಸಿಲಿನಿಂದ ನೆರಳಿಗೆ ನುಗ್ಗುವ ಚಾಲಕನ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ಮೊದಲು ನಿಮ್ಮ ಹತ್ತಿರ ಬಂದಿರುತ್ತಾನೆ. ಕಪ್ಪು, ಹಸಿರು, ಕಂದು ಬಣ್ಣದ ಅಂಗಿ ಆ ನೆರಳಿನಲ್ಲಿ ಕರಗಿಹೋಗುತ್ತದೆ. ಹಳದಿ ಅಥವಾ ಬಿಳಿ ಹಾಕಿಕೊಳ್ಳಿ. ಸಣ್ಣ ವಾಲ್ವಿನ ರೋಡ್ ಸೈಕಲ್ ಟ್ಯೂಬು ಊರ ಅಂಗಡಿಗಳಲ್ಲಿ ಸಿಗುತ್ತದೆಂದು ನಂಬಿ ಹೋಗದೆ ಎರಡು ಟ್ಯೂಬು, ಪಂಪು, ಟೈರು ಬಿಚ್ಚುವ ಪಟ್ಟಿ ಜೊತೆಗಿಟ್ಟುಕೊಳ್ಳಿ.

ಉತ್ತರ: ಶಾಂತಳ್ಳಿ ಅಕ್ಕ

ಎಲ್ಲರೂ ಕೊಡಗೆಂದರೆ ಕಾವೇರಿಯ ಆಚೀಚೆ ಮಾತ್ರವೆಂಬಂತೆ ಬರೆದಿದ್ದಾರೆ. ಉತ್ತರ ಕೊಡಗನ್ನೂ ನೋಡಿ ತಂಗಿ. ಸೋಮವಾರಪೇಟೆಯಿಂದ ಶನಿವಾರಸಂತೆ, ಅಲ್ಲಿಂದ ಕೊಡ್ಲಿಪೇಟೆಗೆ ಹೋಗುವ ಕಡೆ ನಾಡು ಬಿಚ್ಚಿಕೊಳ್ಳುತ್ತದೆ. ತೋಟದ ಗೋಡೆಗಳ ನಡುವೆ ಹೋದ ಹಾಗಲ್ಲ. ಗದ್ದೆ, ಶುಂಠಿ ಹೊಲ, ಕೆರೆ, ದೂರದಲ್ಲಿ ಪಶ್ಚಿಮದ ಬೆಟ್ಟಸಾಲು. ಮಳೆಯೂ ಭಾಗಮಂಡಲದ ಕಡೆಗಿಂತ ಬಹಳ ಕಡಿಮೆ, ಹಾಗಾಗಿ ಸೆಪ್ಟೆಂಬರ್ ಕೊನೆಗೇ ಇಲ್ಲಿ ಸೈಕಲ್ ತೆಗೆಯಬಹುದು. ಶಾಂತಳ್ಳಿಯಿಂದ ಪುಷ್ಪಗಿರಿಯ ಕಡೆಗಿನ ರಸ್ತೆಗಳು ಮಾತ್ರ ನಿಜವಾದ ಏರು. ಮಲ್ಲಳ್ಳಿ ಜಲಪಾತದ ಕಡೆ ರಜಾದಿನಗಳಲ್ಲಿ ಕಾರುಗಳೂ ಬಹಳ. ಇಲ್ಲಿಯೂ ಆನೆ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಮುಂದೆ ದಾರಿಯಿಲ್ಲದ ರಸ್ತೆಗಳನ್ನು ಯಾರೂ ಹೇಳಲಿಲ್ಲ. ನನ್ನ ಮಟ್ಟಿಗೆ ಅತ್ಯಂತ ಶಾಂತವಾದ ಸವಾರಿ ಅವುಗಳದ್ದು. ಒಂದೂರಿಗೆ ಹೋಗಿ ಅಲ್ಲಿಗೇ ಮುಗಿಯುವ ರಸ್ತೆಯಲ್ಲಿ ಆ ಊರಿನವರ ವಾಹನ ಬಿಟ್ಟರೆ ಬೇರೆಯವರದು ಇರುವುದಿಲ್ಲ, ಆ ಊರಿನವರಿಗೆ ತಿರುವುಗಳೂ ಗೊತ್ತು, ಎರಡನೆಯ ಸಲಕ್ಕೆ ನಿಮ್ಮ ಮುಖವೂ ಗೊತ್ತು. ಹೋದ ದಾರಿಯಲ್ಲೇ ಮರಳಬೇಕೆಂಬುದನ್ನು ಸೈಕಲ್ಲಿನವರು ಕೊರತೆಯೆಂದುಕೊಳ್ಳುತ್ತಾರೆ. ಮರಳುವಾಗ ಏರು ಇಳಿಜಾರಾಗಿ, ಬೆಳಕು ಇನ್ನೊಂದು ಕಡೆಯಿಂದ ಬಿದ್ದು, ಅದು ಬೇರೆಯೇ ರಸ್ತೆಯಾಗಿರುತ್ತದೆ. ಮಡಿಕೇರಿಗೆ ಬಂದರೆ ಗಾಳಿಬೀಡಿನ ಕಡೆಗೊಮ್ಮೆ ಹೋಗಿ ಬನ್ನಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಕಾಲೂರು, ಮುಕ್ಕೋಡ್ಲು, ಮಕ್ಕಂದೂರು, ಹಟ್ಟಿಹೊಳೆಯ ಭಾಗಗಳಲ್ಲಿ ಮಳೆಗಾಲ ಮುಗಿದ ಕೂಡಲೇ ಹೋಗದೆ, ರಸ್ತೆ ಹೇಗಿದೆಯೆಂದು ಕೇಳಿ ಹೋಗಿ.

ಒಂಟಿಯಾಗಿ ಹೋಗುವ ಪ್ರಶ್ನೆಗೆ ಗಂಡಸರು ಯಾರೂ ಉತ್ತರಿಸಿಲ್ಲ, ನಾನೇ ಹೇಳಬೇಕು. ತೋಟಗಳಲ್ಲಿ ಕೆಲಸ ಮಾಡುವವರಲ್ಲಿ ಹೆಂಗಸರೇ ಹೆಚ್ಚು. ಹಗಲಿನಲ್ಲಿ ರಸ್ತೆಬದಿಯ ತೋಟದೊಳಗೆ ಹತ್ತಾರು ಹೆಂಗಸರ ಮಾತು ಕೇಳುತ್ತಿರುತ್ತದೆ, ಕೂಗಿದರೆ ಓಗೊಡುತ್ತಾರೆ. ಜನರ ಭಯ ನನಗೆಂದೂ ಕಾಡಿಲ್ಲ. ಎಚ್ಚರ ಬೇಕಾದದ್ದು ಫೋನಿಗೆ ಸಿಗ್ನಲ್ ಇಲ್ಲದ ಜಾಗಗಳಲ್ಲಿ. ಹೊರಡುವಾಗಲೇ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಯಾರಿಗಾದರೂ ಹೇಳಿ, ಹೇಳಿದ ದಾರಿಯನ್ನು ನಡುವೆ ಬದಲಿಸಬೇಡಿ. ಶೌಚಾಲಯ ಬೇಕಾದರೆ ಮನೆಗಳಲ್ಲಿ ಕೇಳಲು ಸಂಕೋಚ ಬೇಡ, ಇಲ್ಲಿ ಯಾರೂ ಇಲ್ಲವೆನ್ನುವುದಿಲ್ಲ. ಗೇಟಿನ ಹತ್ತಿರ ನಾಯಿ ಬೆನ್ನಟ್ಟಿದರೆ ವೇಗ ಹೆಚ್ಚಿಸದೆ ಇಳಿದು, ಸೈಕಲ್ಲನ್ನು ನಿಮಗೂ ಅದಕ್ಕೂ ನಡುವೆ ಇಟ್ಟುಕೊಂಡು ನಡೆಯಿರಿ. ಓಡುವ ಚಕ್ರ ನಿಂತರೆ ಅದರ ಸಿಟ್ಟೂ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು: ನಾಲೆಯಂಚು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಐದಕ್ಕೆ ಹೊರಡುವ ಯೋಚನೆಯನ್ನು ಕೈಬಿಟ್ಟೆ, ಗಂಟೆ ಮತ್ತು 34ರ ಕ್ಯಾಸೆಟ್ ಎರಡನ್ನೂ ಹಾಕಿಸುತ್ತೇನೆ. ಉಳಿದಿರುವುದು ಎರಡು ಸಂದೇಹ. ನನಗೆ ರಜೆ ಸಿಗುವುದು ಎರಡನೆಯ ಮತ್ತು ನಾಲ್ಕನೆಯ ಶನಿವಾರ ಹಾಗೂ ಭಾನುವಾರ. ಪ್ರವಾಸಿಗರು ಬರುವುದೂ ಅದೇ ದಿನಗಳಲ್ಲಿ. ಇವೆರಡರಲ್ಲಿ ಯಾವ ದಿನ ಮೇಲು? ಎರಡನೆಯದು, ತೋಟದ ಒಳರಸ್ತೆಯನ್ನು ಊರಿನ ರಸ್ತೆಯಿಂದ ಗುರುತಿಸುವುದು ಹೇಗೆ? ನಕ್ಷೆ ಒಮ್ಮೆ ನನ್ನನ್ನು ನೇರವಾಗಿ ಒಂದು ಬೀಗ ಹಾಕಿದ ಗೇಟಿಗೆ ಕರೆದೊಯ್ದಿದೆ.

ಉತ್ತರ: ಕದನೂರು ಬೆಳೆಗಾರ

ಶನಿವಾರವೇ ಮೇಲು. ಬೆಂಗಳೂರು, ಮೈಸೂರಿನಿಂದ ಬರುವವರು ಶನಿವಾರ ಬೆಳಿಗ್ಗೆ ಇನ್ನೂ ಹೆದ್ದಾರಿಯಲ್ಲಿರುತ್ತಾರೆ, ಮಧ್ಯಾಹ್ನ ಹೋಂಸ್ಟೇ ಸೇರುತ್ತಾರೆ. ಭಾನುವಾರ ಬೆಳಿಗ್ಗೆ ಆ ಹೋಂಸ್ಟೇಗಳಿಂದಲೇ ಜಲಪಾತ, ಬೆಟ್ಟ ನೋಡಲು ಹೊರಡುವುದರಿಂದ ನಿಮ್ಮ ಊರುದಾರಿಗಳಲ್ಲೂ ಕಾರು ಕಾಣುತ್ತವೆ. ಚೆಯ್ಯಂಡಾಣೆಯಿಂದ ಚೇಲಾವರ ಜಲಪಾತಕ್ಕೆ, ಕಕ್ಕಬ್ಬೆಯಿಂದ ತಡಿಯಂಡಮೋಳ್ ಬೆಟ್ಟಕ್ಕೆ ಹೋಗುವವರು ಅವರೇ. ತಡಿಯಂಡಮೋಳ್ 1,748 ಮೀಟರಿನ ಬೆಟ್ಟ, ಜಿಲ್ಲೆಗೆ ಅದೇ ಎತ್ತರ. ಅದರ ಬುಡದಲ್ಲಿ ನಾಲ್ಕುನಾಡು ಅರಮನೆಯೂ ಇರುವುದರಿಂದ ಜನ ತಪ್ಪುವುದಿಲ್ಲ. ಕಾಲು ಪಳಗಿದ ಮೇಲೆ ನೀವೂ ನಾಪೋಕ್ಲಿನಿಂದ ಕಕ್ಕಬ್ಬೆಗೆ ಹೋಗಿ ಪಾಡಿ ಇಗ್ಗುತ್ತಪ್ಪನಿಗೆ ಕೈಮುಗಿದು ಬರಬಹುದು, ಒಂದು ರಜೆ ಹಾಕಿ ವಾರದ ನಡುವೆ ಹೋಗಿ.

ಒಳರಸ್ತೆಯ ವಿಚಾರ ಸುಲಭ. ಬಸ್ಸು ಓಡುವ ರಸ್ತೆಯೆಲ್ಲ ಸಾರ್ವಜನಿಕ. ಪಂಚಾಯಿತಿಯ ಕಾಂಕ್ರೀಟ್ ರಸ್ತೆ ಎರಡು ಮೂರು ಮನೆ ದಾಟುವವರೆಗೆ ಊರಿನದು, ಗೇಟು ಬಂದರೆ ಅಲ್ಲಿಂದ ಮುಂದೆ ತೋಟದವರದು. ಗೇಟು ತೆರೆದಿದ್ದರೂ ಒಳಗೆ ಹೋಗಬೇಡಿ. ಮನೆತನದ ಮೂಲಮನೆಯಾದ ಐನ್‌ಮನೆಗೆ ಹೋಗುವ ದಾರಿ, ದೇವರಕಾಡಿನೊಳಗಿನ ದಾರಿ ಇವುಗಳಿಗೂ ಇದೇ ಮಾತು. ನೋಡುವ ಮನಸ್ಸಿದ್ದರೆ ಮನೆಯವರನ್ನು ಕೇಳಿ, ಸಂತೋಷದಿಂದ ಕರೆದುಕೊಂಡು ಹೋಗುತ್ತಾರೆ.

ಇನ್ನು, ಮೊದಲ ಸುತ್ತನ್ನು ನಾನು ಬರೆದ ದಿಕ್ಕಿನಲ್ಲೇ ಮಾಡಿ, ಹಿಂದುಮುಂದಾಗಿ ಬೇಡ. ಒಂಬತ್ತೂಕಾಲಿಗೆ ಹೊರಟರೆ ಬಸ್ಸಿರುವ ಮೂರ್ನಾಡಿನ ಭಾಗ ನಿಮ್ಮ ಕಾಲೂ ಗಮನವೂ ತಾಜಾ ಇರುವಾಗಲೇ ಮುಗಿಯುತ್ತದೆ. ಶನಿವಾರ ಶಾಲೆಗಳು ಮಧ್ಯಾಹ್ನಕ್ಕೇ ಬಿಡುವುದರಿಂದ ಆ ಹೊತ್ತಿನಲ್ಲಿ ವ್ಯಾನುಗಳು ಮತ್ತೆ ರಸ್ತೆಗಿಳಿಯುತ್ತವೆ. ಆಗ ನೀವು ನಾಪೋಕ್ಲಿನ ಯಾವುದಾದರೂ ಕ್ಯಾಂಟೀನಿನಲ್ಲಿ ಅಕ್ಕಿರೊಟ್ಟಿ ತಿನ್ನುತ್ತ ಕೂತಿರಿ. ಒಂದು ಗಂಟೆಗೆ ಎದ್ದರೆ ಚೆಯ್ಯಂಡಾಣೆ, ಕಡಂಗದ ರಸ್ತೆ ಖಾಲಿಯಿರುತ್ತದೆ, ಮೂರರೊಳಗೆ ವಿರಾಜಪೇಟೆ ಸೇರುತ್ತೀರಿ.